ವಸ್ತಿ ಬಸ್ಸಿನ ಪಾಳಿ

ಹೆದರಿಕೆಯಾದರೆ ನನಗೆ ಬಾಯಾರುತ್ತದೆ. ಬೇರೆಯವರಿಗೆ ಇದು ದೊಡ್ಡ ಮಾತಲ್ಲ, ಒಂದು ಚೊಂಬು ನೀರು ಕುಡಿದು ಸುಮ್ಮನಾಗುತ್ತಾರೆ. ನನಗೆ ದಿನಕ್ಕೆ ಮೂರು ಲೋಟ ನೀರು, ಸಾರು ಮಜ್ಜಿಗೆ ಎಲ್ಲ ಅದರಲ್ಲೇ ಬಂತು. ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಯಿತು. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಎಂಟಕ್ಕೆ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಷೀನಿನ ಪಕ್ಕ ಮಲಗಬೇಕು, ನಾಲ್ಕು ತಾಸಾದ ಮೇಲೆ ಏಳಬೇಕು. ಹಾಗೆ ಮಲಗಿ ಎದ್ದರೆ ಮುಂದಿನ ಮೂರ್ನಾಲ್ಕು ದಿನ ನನ್ನವು. ಹೀಗಾಗಿ ಹೆದರುವ ಚೈನಿ ನನಗಿಲ್ಲ. ಆದರೂ ಹೋದ ವರ್ಷ ಮೆಕ್ಕೆಜೋಳ ಮುರಿಯುವ ಹೊತ್ತಿನಲ್ಲಿ ನಾನು ಹೆದರಿದಷ್ಟು ನನ್ನ ಜನ್ಮದಲ್ಲಿ ಯಾವತ್ತೂ ಹೆದರಿರಲಿಲ್ಲ. ಅದೂ ಒಂದು ಬಸ್ಸಿನ ಸಲುವಾಗಿ.

ನಮ್ಮ ಊರು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ, ದೊಡ್ಡ ರಸ್ತೆಯಿಂದ ಏಳು ಕಿಲೋಮೀಟರ್ ಒಳಗಿದೆ. ಊರಿಗಿರುವುದು ಒಂದೇ ಬಸ್ಸು, ಸರ್ಕಾರಿ ಕೆಂಪು ಬಸ್ಸು. ಸಂಜೆ ಬಂದು ರಾತ್ರಿ ಊರಲ್ಲೇ ವಸ್ತಿ ಮಾಡಿ ಬೆಳಗ್ಗೆ ಆರೂವರೆಗೆ ಹೊರಡುತ್ತದೆ. ಮಧ್ಯಾಹ್ನ ಒಂದು ಸಲ ಬಂದು ಹೋಗುತ್ತದೆ. ನನ್ನ ಗಂಡ ವರ್ಷದಲ್ಲಿ ಏಳೆಂಟು ತಿಂಗಳು ಕುರಿ ಹಿಂದೆ ಹೊಳೆಸಾಲಿನ ಕಡೆ ಇರುತ್ತಾನೆ. ಇದ್ದಾಗಲೂ ಅವನಿಗೆ ಗಾಡಿ ಹೊಡೆಯಲು ಬರುವುದಿಲ್ಲ. ಮಗಳು ಹಡಗಲಿ ಕಡೆ ಮದುವೆಯಾಗಿ ಹೋಗಿದ್ದಾಳೆ. ನಾನು ಮನೆಯಲ್ಲಿ ಕೂತು ಊರ ಹೆಂಗಸರ ಜಂಪರು ಹೊಲಿಯುತ್ತೇನೆ. ಮಷೀನಿನಿಂದ ಎದ್ದು ಬಂದ ದಿನ ಏಳು ಕಿಲೋಮೀಟರ್ ಇರಲಿ, ಏಳು ಮನೆ ದಾಟುವುದಕ್ಕೂ ಗೋಡೆ ಹಿಡಿಯಬೇಕಾಗುತ್ತದೆ.

ಬಸ್ಸು ಇಲ್ಲದಿದ್ದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಹಿಂದಿನ ವರ್ಷ ಮಳೆಗೆ ಹಳ್ಳದ ಮೇಲಿನ ರಸ್ತೆ ಕೊಚ್ಚಿಹೋಗಿ ಐದು ದಿನ ಬಸ್ಸು ಬರಲಿಲ್ಲ. ಒಂದು ಶುಕ್ರವಾರ ತಪ್ಪಿತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕಾಲು ಊದಿ ಚಪ್ಪಲಿ ಹಿಡಿಯದಾಯಿತು. ಸೋಮವಾರ ಮಲಗಲು ಹೋದರೆ ಉಸಿರು ಸಿಗಲಿಲ್ಲ, ಎದ್ದು ಕೂತರೆ ಅರ್ಧ ಸಿಗುತ್ತಿತ್ತು. ಒಣಗಿದ ಚಾಪೆಯ ಮೇಲೆ, ಮನೆಯ ಒಳಗೆ, ನೀರಲ್ಲಿ ಮುಳುಗುತ್ತಿದ್ದೆ. ಊರವರು ಟ್ರ್ಯಾಕ್ಟರಿನ ಟ್ರೇಲರಿಗೆ ಹಾಸಿಗೆ ಹಾಕಿ ಸುತ್ತು ದಾರಿಯಲ್ಲಿ ಕರೆದುಕೊಂಡು ಹೋದರು. ಆಸ್ಪತ್ರೆಯ ನರ್ಸಮ್ಮ ಸೂಜಿ ಚುಚ್ಚುತ್ತಾ, “ಇನ್ನೊಂದು ಪಾಳಿ ತಪ್ಪಿದ್ರ ನಮ್ಮ ಕೈಯಾಗೂ ಏನೂ ಇರ್ತಿದ್ದಿಲ್ಲ ನೋಡು” ಎಂದಳು. ಬೈದಳೋ ಸಮಾಧಾನ ಹೇಳಿದಳೋ ಗೊತ್ತಾಗಲಿಲ್ಲ. ಆ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ಪಾಳಿ ಅಂದರೆ ನಮ್ಮೂರಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊಲಕ್ಕೆ ನೀರು ಹಾಯಿಸುವುದು ಪಾಳಿ, ಊರಮ್ಮನ ಗುಡಿಗೆ ದೀಪ ಹಚ್ಚುವುದು ಪಾಳಿ. ವಸ್ತಿ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರಿಗೆ ರಾತ್ರಿ ಊಟ ಕೊಡುವುದೂ ಪಾಳಿ. ಅವರು ಮಲಗುವುದು ಶಾಲೆಯ ಕೋಣೆಯಲ್ಲಿ, ಉಣ್ಣುವುದು ಊರ ರೊಟ್ಟಿ. ಇದಕ್ಕೆಂದೇ ಒಂದರ ಮೇಲೊಂದು ಕೂರುವ ಮೂರು ಅಂಕಣದ ಒಂದು ಸ್ಟೀಲಿನ ಬುತ್ತಿ ಡಬ್ಬಿ ಇದೆ. ಡಬ್ಬಿ ಯಾರ ಮನೆಯಲ್ಲಿದೆಯೋ ಆ ರಾತ್ರಿ ಅವರದ್ದು. ರೊಟ್ಟಿ, ಪಲ್ಯ, ಅನ್ನ ಸಾರು ಕಟ್ಟಿಕೊಟ್ಟು, ಮರುದಿನ ಡಬ್ಬಿ ತೊಳೆದು ಪಕ್ಕದ ಮನೆಯ ಕಟ್ಟೆಯ ಮೇಲೆ ಇಟ್ಟರೆ ಮುಗಿಯಿತು. ಯಾರೂ ಯಾರಿಗೂ ನೆನಪು ಮಾಡಬೇಕಾಗಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಡಬ್ಬಿ ಇಟ್ಟು ಹೋಗುತ್ತಾರೆ. ನನ್ನ ಎದುರು ಮನೆಯವಳು ಬಚ್ಚಲ ನೀರಿನ ಗಟಾರದ ವಿಷಯಕ್ಕೆ ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅವಳೂ ಡಬ್ಬಿಯನ್ನು ನನ್ನ ಕಟ್ಟೆಯ ಮೇಲೆ ಕುಕ್ಕಿ, ಸದ್ದು ಕೇಳಿಸಿತೋ ಇಲ್ಲವೋ ಎಂದು ಒಂದು ಗಳಿಗೆ ನಿಂತು ಹೋಗುತ್ತಿದ್ದಳು.

ಆಗ ನಮ್ಮ ಬಸ್ಸಿಗಿದ್ದ ಕಂಡಕ್ಟರು ಹಡಗಲಿ ಕಡೆಯವನು, ಮೂವತ್ತೈದರ ಆಸುಪಾಸು. ಮಾತು ಕಡಿಮೆ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ನಾನು ಕಾಲೆಳೆದುಕೊಂಡು ಬರುವವರೆಗೆ ಡ್ರೈವರನಿಗೆ ಸೀಟಿ ಊದುತ್ತಿರಲಿಲ್ಲ. ಬಾಗಿಲ ಪಕ್ಕದ ಮೊದಲ ಸೀಟಿನ ಮೇಲೆ ತನ್ನ ಚೀಲ ಇಟ್ಟು ಹಿಡಿದಿರುತ್ತಿದ್ದ. ನನಗೆ ನೀರು ಕುಡಿಯುವಂತಿಲ್ಲ ಎಂದು ತಿಳಿದ ದಿನದಿಂದ ಟಿಕೆಟ್ ಚೀಲದಲ್ಲಿ ಒಂದು ಚೀಟಿಯಲ್ಲಿ ಲವಂಗ ಕಟ್ಟಿಕೊಂಡು ಬರತೊಡಗಿದ. “ಬಾಯಾಗ ಇಟಗೋರಿ ಯಕ್ಕಾ, ಕಡೀಬ್ಯಾಡ್ರಿ” ಎಂದು ಒಂದೇ ಒಂದು ಕೊಡುತ್ತಿದ್ದ. ಊರು ಬರುವವರೆಗೂ ಆ ಒಂದು ಲವಂಗ ನನ್ನ ಬಾಯಾರಿಕೆಯನ್ನು ತಡೆಯುತ್ತಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪುಕ್ಕಟೆಯೆಂದರೂ ಆಧಾರ್ ಕಾರ್ಡು ತೋರಿಸಬೇಕು, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಡಬೇಕು. ಮೊದಮೊದಲು ಎಲ್ಲರೂ ತೋರಿಸಿದರು. ಆಮೇಲೆ ಮೇಲಿನ ಓಣಿಯ ಒಬ್ಬಳು ಕೊಟ್ಟೂರು ಸಂತೆಯಲ್ಲಿ ಕಾರ್ಡು ಕಳೆದುಕೊಂಡಳು. ಇನ್ನೊಂದು ಮಾಡಿಸಲು ಕೂಲಿ ಬಿಟ್ಟು ಎಷ್ಟು ಸಲ ತಿರುಗಿದಳೋ ಲೆಕ್ಕವಿಲ್ಲ. ಹೋದಲ್ಲೆಲ್ಲ ಫೋನ್ ನಂಬರ್ ಕೇಳುತ್ತಿದ್ದರು, ಅವಳಿಗೆ ಫೋನೇ ಇರಲಿಲ್ಲ. ಊರಲ್ಲಿ ಅರ್ಜಿ ಬರೆಯುವವಳು, ಫಾರಂ ತುಂಬುವವಳು ನಾನೇ. ಹತ್ತನೆಯ ತರಗತಿ ಪಾಸಾದ ಹೆಮ್ಮೆ ಬೇರೆ. ಜಂಪರು ಹೊಲಿಸಲು ಬಂದವರಿಗೆಲ್ಲ ನಾನು ಉಪದೇಶ ಮಾಡಿದೆ: “ಕಾರ್ಡು ಜ್ವಾಪಾನ್ರವ್ವಾ. ಕಳಕೊಂಡ್ರ ಏಳೂರು ತಿರುಗಬೇಕಾಗ್ತೈತಿ.”

ನನ್ನ ಮಾತನ್ನು ಊರು ಅಷ್ಟು ಸರಿಯಾಗಿ ಕೇಳಿದ್ದು ಅದೊಂದೇ ಸಲ. ಎಲ್ಲರ ಕಾರ್ಡೂ ದೇವರ ಜಗಲಿ ಏರಿತು. ಕೆಲವರು ಅದಕ್ಕೆ ಅರಿಶಿನ ಕುಂಕುಮವನ್ನೂ ಹಚ್ಚಿದರು. ಬಸ್ಸಿನಲ್ಲಿ ಕಂಡಕ್ಟರು ಕೇಳಿದರೆ, “ಮನ್ಯಾಗ ದೇವರ ಮುಂದೈತಪ್ಪಾ, ನಿನಗ ನಮ್ಮ ಗುರ್ತು ಇಲ್ಲೇನು?” ಎನ್ನುತ್ತಿದ್ದರು. ಗುರುತು ಇದ್ದೇ ಇತ್ತು. ಹಿಂದಿನ ರಾತ್ರಿ ಅವರದೇ ರೊಟ್ಟಿ ತಿಂದಿದ್ದ. ಝೆರಾಕ್ಸ್ ನಡೆಯುವುದಿಲ್ಲ. ಕಾರ್ಡಿಲ್ಲದವರಿಗೆ ದುಡ್ಡು ಕೇಳಬೇಕು, ಇಲ್ಲ ಇಳಿಸಬೇಕು. ಅವನು ಎರಡನ್ನೂ ಮಾಡದೆ ಸುಮ್ಮನೆ ಮುಂದಿನ ಸೀಟಿಗೆ ಹೋಗುತ್ತಿದ್ದ. ತನಿಖೆಯವರು ನಮ್ಮ ಒಳರಸ್ತೆಗೆ ಬರುತ್ತಿರಲಿಲ್ಲ. ಪುಕ್ಕಟೆ ಟಿಕೆಟ್ ತೆಗೆದುಕೊಳ್ಳದಿದ್ದರೆ ಸರ್ಕಾರಕ್ಕೆ ಒಂದು ಕಾಗದ ಉಳಿಯಿತು ಎಂದೇ ನಮ್ಮ ಹೆಂಗಸರು ತಿಳಿದಿದ್ದರು. ನನ್ನ ಕಾರ್ಡು ಮಾತ್ರ ಸದಾ ನನ್ನ ಜೊತೆಯಲ್ಲೇ ಇತ್ತು, ಆಸ್ಪತ್ರೆಯಲ್ಲಿ ಕೇಳುತ್ತಾರೆ. ಊರಿಗೆಲ್ಲ ಬುದ್ಧಿ ಹೇಳಿದವಳು ಒಂದು ಸಲವೂ ತಪ್ಪದೆ ಟಿಕೆಟ್ ತೆಗೆದುಕೊಂಡು ಕೂತಿರುತ್ತಿದ್ದೆ.

ಒಂದು ಸಂಜೆ ಡಬ್ಬಿ ನನ್ನ ಮನೆಯಲ್ಲಿತ್ತು. ಊಟ ಒಯ್ಯಲು ಬಂದ ಕಂಡಕ್ಟರು ಕಟ್ಟೆಯ ಮೇಲೆ ಕೂತು, ಚಪ್ಪಲಿಯ ಪಟ್ಟಿ ಬಿಚ್ಚಿ, ಮತ್ತೆ ಹಾಕಿಕೊಂಡ. ಆಮೇಲೆ ಹೇಳಿದ. “ಮುಂದಿನ ತಿಂಗಳದಿಂದ ಈ ಗಾಡಿ ಬರಂಗಿಲ್ರಿ ಯಕ್ಕಾ. ಡಿಪೋದಾಗ ಲಿಸ್ಟ್ ಹಾಕ್ಯಾರ. ಜನ ಇಲ್ಲ ಅಂತ ಬರದಾರ.”

“ಜನ ಇಲ್ಲಂತ? ಯಾರು ಬರದೋರು? ಬಂದು ನೋಡ್ಯಾರೇನು?” ಎಂದೆ.

ಅವನು ಡಬ್ಬಿ ಎತ್ತಿಕೊಂಡು ಶಾಲೆಯ ಕಡೆ ಹೋದ. ಅವನಿಗೆ ಕಾರಣ ಗೊತ್ತಿತ್ತು, ನನಗೆ ಹೊಳೆಯಲಿಲ್ಲ. ನನಗೆ ಆಗ ಹೊಳೆದದ್ದು ಒಂದೇ, ಆ ಒಣ ಚಾಪೆ. ಒಳಗೆ ಹೋಗಿ ಕೊಡದ ಮುಂದೆ ನಿಂತೆ. ಆ ದಿನದ ಮೂರೂ ಲೋಟ ಮುಗಿದಿತ್ತು. ಕೊಡದ ತಣ್ಣನೆಯ ಹೊಟ್ಟೆಗೆ ಕೈ ಒತ್ತಿಕೊಂಡು ಸುಮಾರು ಹೊತ್ತು ನಿಂತಿದ್ದು ನೆನಪಿದೆ.

ಮರುದಿನವೇ ಅರ್ಜಿ ಬರೆಯಲು ಕೂತೆ. ಅಂಥ ಅರ್ಜಿಯನ್ನು ನಾನು ಹಿಂದೆ ಬರೆದಿರಲಿಲ್ಲ, ಮುಂದೆ ಬರೆಯುವುದೂ ಇಲ್ಲ. ಪ್ರತಿದಿನ ಬೆಳಗ್ಗೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹೆಣ್ಣುಮಕ್ಕಳು ಹೋಗುತ್ತಾರೆ, ಬಾಗಿಲಿಗೆ ಜೋತುಬಿದ್ದವರೂ ಇರುತ್ತಾರೆ ಎಂದು ಬರೆದೆ. ಅದು ಸಾಲದು ಎನ್ನಿಸಿತು. ಈ ಬಸ್ಸನ್ನು ನಾವು ಎಷ್ಟು ಪ್ರೀತಿಯಿಂದ ಕಾಣುತ್ತೇವೆ ಎಂದು ಡಿಪೋ ಸಾಹೇಬರಿಗೆ ತಿಳಿಯಬೇಕಲ್ಲ. ಹಾಗಾಗಿ ಇದನ್ನೂ ಸೇರಿಸಿದೆ: ಸಿಬ್ಬಂದಿಯವರನ್ನು ಮನೆಮಕ್ಕಳಂತೆ ನೋಡಿಕೊಳ್ಳುತ್ತೇವೆ, ಪ್ರತಿ ರಾತ್ರಿ ಪಾಳಿಯ ಪ್ರಕಾರ ಮನೆಮನೆಯಿಂದ ಊಟ ಕೊಡುತ್ತೇವೆ, ಕಂಡಕ್ಟರು ನಮ್ಮನ್ನು ಒಂದು ಮಾತೂ ಕೇಳದೆ ಕರೆದುಕೊಂಡು ಹೋಗುತ್ತಾರೆ. ಓದಿ ಹೇಳಿದಾಗ ಹೆಂಗಸರೆಲ್ಲ ಭೇಷ್ ಎಂದರು. ಹೆಬ್ಬೆಟ್ಟು ಒತ್ತಿಸಿ, ಸಹಿ ಹಾಕಿಸಿ ಆರು ಹಾಳೆ ತುಂಬಿತು.

ಮಷೀನು ಇಲ್ಲದ ದಿನ ನೋಡಿ, ಒಂದು ಬುಧವಾರ, ನಾನು ಮತ್ತು ಮೂವರು ಹೆಂಗಸರು ಡಿಪೋಗೆ ಹೋದೆವು. ಅಲ್ಲಿಯ ಸಾಹೇಬರು ಕೆಟ್ಟವರಲ್ಲ. ಕೂರಲು ಹೇಳಿದರು, ಅರ್ಜಿಯನ್ನು ಪೂರ್ತಿ ಓದಿದರು. ಸಾಹೇಬರಾದವರು ಅರ್ಜಿಯ ಎರಡನೆಯ ಹಾಳೆ ತಿರುಗಿಸುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ಅವರು ಕಪಾಟಿನಿಂದ ಇನ್ನೊಂದು ಕಾಗದ ತೆಗೆದು ನನ್ನ ಅರ್ಜಿಯ ಪಕ್ಕ ಇಟ್ಟರು.

“ಹೋದ ಶುಕ್ರವಾರ ಬೆಳಗಿನ ಗಾಡಿ. ನಿಮ್ಮೂರಿಂದ ಹರದಿರೋದು ಒಂಬತ್ತು ಟಿಕೆಟ್. ಗುರುವಾರ ಎಂಟು. ಬುಧವಾರ ಹನ್ನೊಂದು. ನೀನು ನೋಡಿದ್ರ ಬಾಗಿಲಿಗೆ ಜೋತು ಬಿದ್ದಾರ ಅಂತ ಬರದೀಯಮ್ಮಾ.”

ಆ ಒಂಬತ್ತರಲ್ಲಿ ಒಂದು ನನ್ನದು ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಪಕ್ಕದಲ್ಲಿದ್ದವಳು, “ಪುಕ್ಕಟಿ ಟಿಕೆಟ್ ತಗೊಂಡು ಏನ್ ಮಾಡೋದೈತ್ರಿ ಅಂತ ನಾವ ತಗೊಳ್ಳಂಗಿಲ್ರಿ” ಎಂದಳು, ಉಪಕಾರ ಮಾಡಿದ ದನಿಯಲ್ಲಿ. ಸಾಹೇಬರು ಕನ್ನಡಕ ತೆಗೆದರು.

“ನಿಮಗ ಪುಕ್ಕಟೆ, ನಮಗಲ್ಲಮ್ಮಾ. ಟಿಕೆಟ್ ಹರದ್ರನ ಸರ್ಕಾರ ನಮಗ ಕೊಡೋದು. ಟಿಕೆಟ್ ಇಲ್ಲ ಅಂದ್ರ ಆ ಗಾಡ್ಯಾಗ ಮಂದೀನೂ ಇಲ್ಲ.” ಅರ್ಜಿಯ ಮೇಲೆ ಬೆರಳಿಟ್ಟರು. “ಈಗ ಎರಡರಾಗ ಒಂದು ಸುಳ್ಳು. ಅರ್ಜಿ ಸುಳ್ಳಿದ್ರ ಗಾಡಿ ನಿಲ್ಸೋದು ಸರಿ ಐತಿ. ಅರ್ಜಿ ಖರೇ ಇದ್ರ ಕಂಡಕ್ಟರ್ ಟಿಕೆಟ್ ಇಲ್ದ ಮಂದಿ ಹೊಡ್ಕೊಂಡು ಬಂದಾನ. ದಿನಾ ಊಟ ಬ್ಯಾರೆ ಕೊಡ್ತೀವಿ ಅಂತ ನೀವ ಬರದೀರಿ. ಬರದೋರು ಯಾರು, ನೀನಾ? ಹೇಳು ಮತ್ತ.”

ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ತಟ್ಟೆ ಮುಚ್ಚಿದ ಒಂದು ಲೋಟ ನೀರಿತ್ತು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನಾನು ಲೋಟ ನೋಡುವುದನ್ನು ಕಂಡು ಸಾಹೇಬರೇ ಅದನ್ನು ಮುಂದೆ ತಳ್ಳಿದರು. ಬೆಳಗ್ಗೆಯಿಂದ ಎರಡು ಲೋಟ ಆಗಿತ್ತು, ರಾತ್ರಿಗೆ ಒಂದು ಉಳಿಸಬೇಕಿತ್ತು. ಅದನ್ನು ಅಲ್ಲೇ, ಒಂದೇ ಸಲಕ್ಕೆ ಕುಡಿದುಬಿಟ್ಟೆ.

“ಅರ್ಜಿ ಖರೇ ಐತ್ರಿ” ಎಂದೆ.

ಅಷ್ಟೇ. ಕಂಡಕ್ಟರು ನಮ್ಮ ಮೇಲಿನ ಕರುಣೆಯಿಂದ ಬಿಟ್ಟ, ತಪ್ಪು ನಮ್ಮದು, ಕಾರ್ಡು ಜಗಲಿ ಏರಿಸಿದವಳು ನಾನು, ಇದನ್ನೆಲ್ಲ ಆಮೇಲೆ ಹೇಳಿದೆ. ಗೋಗರೆದೆ. ಸಾಹೇಬರು ತಲೆ ಆಡಿಸಿದರು, ಬರೆದುಕೊಂಡದ್ದು ಮಾತ್ರ ಮೊದಲಿನ ಮಾತು. ಸುಳ್ಳೆಂದು ಹೇಳಿದ್ದರೆ ಅವನು ಉಳಿಯುತ್ತಿದ್ದ, ಬಸ್ಸು ಹೋಗುತ್ತಿತ್ತು. ನಾನು ಯೋಚನೆ ಮಾಡಿ ಉತ್ತರ ಕೊಟ್ಟೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಯೋಚಿಸಲಿಲ್ಲ. ನನಗೆ ಸಾಯುವ ಭಯವಿತ್ತು, ಭಯ ಮಾತಾಡಿತು. ಮೂವರು ಹೆಂಗಸರೂ ತಮ್ಮ ತಮ್ಮ ಸೆರಗು ನೋಡಿಕೊಳ್ಳುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವು ಎಷ್ಟು ಸಲ ಬೇರೆಯವರ ಬಗ್ಗೆ ಹೇಳಿ ನಕ್ಕಿದ್ದೇವೆ.

“ಒಂದು ತಿಂಗಳು ನೋಡ್ತೀನಿ” ಎಂದರು ಸಾಹೇಬರು. “ದಿನಾ ಬೆಳಗ್ಗೆ, ಟಿಕೆಟ್ ಲೆಕ್ಕದ ಮ್ಯಾಲೆ. ಮಂದಿ ಇದ್ರ ಗಾಡಿ ಇರ್ತೈತಿ. ಕಂಡಕ್ಟರಂದು ನಮಗ ಬಿಡ್ರಿ.”

ಎರಡು ದಿನವಾದ ಮೇಲೆ ಶುಕ್ರವಾರ. ಮಷೀನಿನಿಂದ ಎದ್ದು ಬಂದಾಗ ಮೊದಲ ಸೀಟಿನಲ್ಲಿ ಅವನ ಚೀಲ ಎಂದಿನಂತೆ ಇತ್ತು. ಕೂತೆ. ಲವಂಗ ಕೊಟ್ಟ. ಬಾಯಲ್ಲಿ ಇಟ್ಟುಕೊಂಡು ಹೇಗೆ ಹೇಳುವುದು? ಮುಷ್ಟಿಯಲ್ಲೇ ಹಿಡಿದುಕೊಂಡೆ. ದೊಡ್ಡ ರಸ್ತೆ ಬಿಟ್ಟು ನಮ್ಮ ಒಳರಸ್ತೆಗೆ ಬಸ್ಸು ಹೊರಳಿದ ಮೇಲೆ ಹೇಳಿದೆ, ಅರ್ಜಿಯಲ್ಲಿ ಏನು ಬರೆದೆ, ಸಾಹೇಬರು ಏನು ಕೇಳಿದರು, ನಾನು ಏನಂದೆ, ಎಲ್ಲ. ಅವನು ಬಯ್ಯುತ್ತಾನೆ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನೀವು ಸುಳ್ಳೇನ್ ಹೇಳಿಲ್ಲಲ್ರಿ ಯಕ್ಕಾ” ಎಂದ. ಎದ್ದು ಹಿಂದಿನ ಬಾಗಿಲಿಗೆ ಹೋಗಿ ಕಂಬಿ ಹಿಡಿದು ನಿಂತ. ಊರು ಬರುವವರೆಗೂ ಈ ಕಡೆ ತಿರುಗಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಇಲ್ಲಿ ಉಂಡವನು ಅವನು, ಎಣಿಸಿ ಬರೆದುಕೊಟ್ಟವಳು ನಾನು. ಮಂಗಳವಾರ ಬೆಳಗ್ಗೆ ಬಸ್ಸಿನಲ್ಲಿ ಹೊಸ ಕಂಡಕ್ಟರಿದ್ದ. ಹಳೆಯವನಿಗೆ ಮೆಮೋ ಕೊಟ್ಟು ಕೂಡ್ಲಿಗಿ ಕಡೆಯ ಬಸ್ಸಿಗೆ ಹಾಕಿದ್ದಾರೆ ಎಂದು ಡ್ರೈವರು ಹೇಳಿದ. ಇನ್ನೂ ವಿಚಾರಣೆ ಇದೆಯಂತೆ, ಕೆಲಸ ಹೋದರೂ ಹೋಗಬಹುದಂತೆ. ಅದನ್ನು ಕೇಳಿದ ಮೇಲೆ ನನಗೆ ಎರಡು ಹೆದರಿಕೆಗಳಾದವು. ಒಂದು ನನ್ನ ಉಸಿರಿನದು. ಇನ್ನೊಂದಕ್ಕೆ ಯಾವ ಮಷೀನೂ ಇರಲಿಲ್ಲ.

ಕುಳಿತು ಅಳಲು ಸಮಯವಿರಲಿಲ್ಲ. ಅವನನ್ನು ಕೊಟ್ಟು ಬಸ್ಸನ್ನೂ ಕಳೆದುಕೊಂಡರೆ ಎರಡೂ ಪಾಪ. ಮನೆಮನೆಗೆ ಹೋಗಿ ಕಾರ್ಡುಗಳನ್ನು ಜಗಲಿಯಿಂದ ಇಳಿಸಿದೆ. ಅದೇನು ಸುಲಭವೇ? ದೇವರ ಮುಂದೆ ಏರಿಸಿದ್ದನ್ನು ಇಳಿಸಲು ಒಬ್ಬಳು ಸೋಮವಾರವಾಗಲಿ ಎಂದಳು, ಇನ್ನೊಬ್ಬಳು ಅತ್ತೆಯನ್ನು ಕೇಳಬೇಕು ಎಂದಳು. ಹಳೆ ಜಂಪರಿನ ಬಟ್ಟೆಯಲ್ಲಿ ಚಿಕ್ಕ ಚಿಕ್ಕ ಚೀಲ ಹೊಲಿದು, ಕೊರಳಿಗೆ ದಾರ ಕಟ್ಟಿ, ಕಾರ್ಡು ಅದರಲ್ಲಿಟ್ಟು ಕೊಟ್ಟೆ. ಎದುರು ಮನೆಯವಳು ಬಾಗಿಲು ಪೂರ್ತಿ ತೆರೆಯಲಿಲ್ಲ. “ಜ್ವಾಪಾನ ಅಂದಾಕಿನೂ ನೀನ, ತಗದು ಕೊಡು ಅನ್ನಾಕಿನೂ ನೀನ” ಎಂದಳು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು. ಆಡಿದ್ದು ಸರಿಯಾಗಿಯೇ ಇತ್ತು.

ಉಳಿದವರ ಕಾರ್ಡು ಇಳಿದವು, ಆದರೆ ಹೆಂಗಸರು ಬಸ್ಸಿಗೆ ಬರಲಿಲ್ಲ. ಅದು ಮೆಕ್ಕೆಜೋಳ ಮುರಿಯುವ ಕಾಲ. ವರ್ಷಕ್ಕೊಮ್ಮೆ ಕೈತುಂಬ ಕೂಲಿ ಸಿಗುವ ಆ ತಿಂಗಳಲ್ಲಿ ಪಟ್ಟಣಕ್ಕೆ ಯಾರು ಹೋಗುತ್ತಾರೆ? ಮೊದಲ ವಾರ ಬೆಳಗಿನ ಬಸ್ಸಿನಲ್ಲಿ ಹದಿನಾಲ್ಕು, ಹದಿಮೂರು ಜನ. ಒಂದು ದಿನ ಏಳು. ನಾನು ಸೀಟಿನಲ್ಲಿ ಕೂತು ಹಿಂದೆ ತಿರುಗಿ ತಲೆ ಎಣಿಸುತ್ತಿದ್ದೆ, ಎಣಿಸಿದಂತೆಲ್ಲ ಗಂಟಲು ಒಣಗುತ್ತಿತ್ತು. ನರ್ಸಮ್ಮ ತೂಕ ನೋಡಿ, “ನೀರು ಜಾಸ್ತಿ ಕುಡಿಯಾಕತ್ತೀಯಲ್ಲ, ಸಾಯ್ಬೇಕು ಅಂತ ಮಾಡೀಯೇನು?” ಎಂದು ಬೈದಳು. ಸಾಯಬಾರದು ಎಂದೇ ಕುಡಿಯುತ್ತಿದ್ದೇನೆ ಎಂದು ಅವಳಿಗೆ ಹೇಗೆ ಹೇಳುವುದು?

ಹೊಸ ಕಂಡಕ್ಟರು ಊರ ಊಟ ಮುಟ್ಟುತ್ತಿರಲಿಲ್ಲ, ಅವನಿಗೆ ಹಾಗೆ ಹೇಳಿ ಕಳಿಸಿದ್ದರು. ಡ್ರೈವರನೂ ಬುತ್ತಿ ತರತೊಡಗಿದ. ಮೂರು ಅಂಕಣದ ಡಬ್ಬಿ ನನ್ನ ಕಟ್ಟೆಯ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿತು. ಮುಂದೆ ಯಾರಿಗೆ ಕೊಡುವುದು, ಏನು ಹಾಕಿ ಕೊಡುವುದು? ಒಂದು ಮಧ್ಯಾಹ್ನ ಅದನ್ನು ನೋಡುತ್ತಾ ಕೂತಿದ್ದಾಗ ಒಂದು ಯೋಚನೆ ಬಂತು. ಡಬ್ಬಿಯ ಮೂರು ಅಂಕಣವನ್ನು ಬಿಡಿಸಿದೆ. ಮುಚ್ಚಳವನ್ನೂ ಸೇರಿಸಿ ನಾಲ್ಕು ಓಣಿಗೆ ನಾಲ್ಕು. ನಮ್ಮ ಓಣಿಯದನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಇಟ್ಟು ಬಂದೆ, ಉಳಿದ ಮೂರನ್ನು ಒಂದೊಂದು ಓಣಿಯ ಮೊದಲ ಮನೆಗೆ ಒಯ್ದು ಹೇಳಿದೆ. “ಇದು ಯಾರ ಮನ್ಯಾಗ ಐತೋ ಆ ಮನೀದೂ ಆಜೂಬಾಜು ನಾಕು ಮನೀದೂ ಹೆಣಮಕ್ಕಳು ನಾಳೆ ಬಸ್ಸಿಗೆ. ಕೆಲಸ ಇರ್ಲಿ ಬಿಡ್ಲಿ. ಹೋಗಿ ಬಂದು ತೊಳದು ಮುಂದ ಇಡ್ರಿ.”

ಯಾರಾದರೂ ಕೂಲಿ ಬಿಟ್ಟು ಸುಮ್ಮನೆ ಬಸ್ಸು ಹತ್ತುತ್ತಾರೆಯೇ? ನನಗೆ ನಂಬಿಕೆ ಇರಲಿಲ್ಲ. ಆದರೆ ಡಬ್ಬಿ ಬಂದ ಮೇಲೆ ಪಾಳಿ ತಪ್ಪಿಸುವುದು ನಮ್ಮೂರಲ್ಲಿ ಹೆಸರು ಕೆಡಿಸಿಕೊಳ್ಳುವ ಕೆಲಸ. ಮರುದಿನ ಬೆಳಗ್ಗೆ ಶಾಲೆಯ ಮುಂದೆ ಹೋಗಿ ನೋಡಿದರೆ ಕೊರಳಲ್ಲಿ ಕಾರ್ಡಿನ ಚೀಲ ಹಾಕಿಕೊಂಡ ಇಪ್ಪತ್ತು ಜನ ನಿಂತಿದ್ದರು. ಒಬ್ಬಳು ಶೇಂಗಾ ಸುಲಿಯಲು ಗಂಟು ಕಟ್ಟಿಕೊಂಡು ಬಂದಿದ್ದಳು. ಟಿಕೆಟ್ ಕೈಗೆ ಬಂದ ಕೂಡಲೇ ಮಡಚಿ ಕಣ್ಣಿಗೆ ಒತ್ತಿಕೊಂಡವರೂ ಇದ್ದರು. ಹೊಸ ಕಂಡಕ್ಟರು ಒಬ್ಬೊಬ್ಬರನ್ನೂ “ಎಲ್ಲಿಗ್ರಿ?” ಎಂದು ಕೇಳಿದ. “ಹರಪನಳ್ಳಿಗೆ.” “ಏನ್ ಕೆಲಸಕ್ರಿ?” “ಹೋಗಿ ಬರಾಕ.”

ಹಾಗೆ ಹೋದವರು ಮಾಡುವುದೇನು? ನಾನು ಒಳಗೆ ಮಲಗಿರುವಾಗ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತು ಶೇಂಗಾ ಸುಲಿಯುತ್ತಿದ್ದರು, ತಲೆ ನೋಡಿಕೊಳ್ಳುತ್ತಿದ್ದರು, ಮಧ್ಯಾಹ್ನದ ಬಸ್ಸಿಗೆ ನನ್ನನ್ನು ನಡುವೆ ಹಾಕಿಕೊಂಡು ಬರುತ್ತಿದ್ದರು. ಉಳಿದ ದಿನ ಬಸ್‌ಸ್ಟ್ಯಾಂಡಿನ ಕಟ್ಟೆಯೇ ಗತಿ. ಒಂದು ದಿನದ ಕೂಲಿ ಹೋಯಿತೆಂದು ಯಾರೂ ನನ್ನ ಎದುರು ಅನ್ನಲಿಲ್ಲ. ಅಂದಿದ್ದರೆ ಏನು ಹೇಳಬೇಕೆಂದು ನಾನು ರೂಢಿ ಮಾಡಿಕೊಂಡಿದ್ದೆ. ದಿನವೂ ಹೆದರುತ್ತಿದ್ದೆ, ಈವತ್ತು ಯಾವುದಾದರೂ ಓಣಿಯಲ್ಲಿ ಡಬ್ಬಿ ನಿಂತುಹೋದರೆ? ಬೆಳಕು ಹರಿಯುವ ಮೊದಲೇ ಎದ್ದು ನಾಲ್ಕು ಓಣಿಯನ್ನೂ ಸುತ್ತಿ, ಯಾವ ಕಟ್ಟೆಯ ಮೇಲೆ ಸ್ಟೀಲು ಹೊಳೆಯುತ್ತಿದೆ ಎಂದು ಕಳ್ಳಿಯ ಹಾಗೆ ನೋಡಿ ಬರುತ್ತಿದ್ದೆ.

ತಿಂಗಳ ಕೊನೆಯ ದಿನ ಶುಕ್ರವಾರವೇ ಬಿತ್ತು. ನಮ್ಮ ಓಣಿಯ ಅಂಕಣ ಹಿಂದಿನ ಸಂಜೆ ಎದುರು ಮನೆಯ ಕಟ್ಟೆಯ ಮೇಲಿತ್ತು. ಅವಳ ಕಾರ್ಡು ಇನ್ನೂ ಜಗಲಿಯ ಮೇಲೇ ಇದೆ ಎಂದು ನನಗೆ ಗೊತ್ತಿತ್ತು. ಕೊನೆಯ ದಿನ ಒಂದು ಓಣಿ ಕಡಿಮೆ ಎಂದುಕೊಂಡು ಬಸ್ಸು ಹತ್ತಿದೆ. ಬಸ್ಸು ಹೊರಡುವ ಹೊತ್ತಿಗೆ ಅವಳು ಬಂದಳು, ಹಿಂದೆ ಅಕ್ಕಪಕ್ಕದ ಮನೆಯ ನಾಲ್ವರು. ನಾನು ಹೊಲಿದುಕೊಟ್ಟ ಚೀಲವಿರಲಿಲ್ಲ. ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿದ್ದಳು. ಕಂಡಕ್ಟರನಿಗೆ ಬಿಚ್ಚಿ ತೋರಿಸಿ, ಟಿಕೆಟ್ ಪಡೆದು, ನನ್ನ ಪಕ್ಕದಲ್ಲಿ ಖಾಲಿಯಿದ್ದ ಸೀಟಿನಲ್ಲೇ ಕೂತಳು.

“ಬಂದೆಲ್ಲ” ಎಂದೆ.

“ಡಬ್ಬಿ ಬಂತು, ಬಂದೆ” ಎಂದಳು. ಹರಪನಹಳ್ಳಿಯಲ್ಲಿ ಇಳಿಯುವಾಗ ನನ್ನ ತೋಳು ಹಿಡಿದಳು.

ಮುಂದಿನ ವಾರ ಡ್ರೈವರು ಸುದ್ದಿ ತಂದ. ಗಾಡಿ ಸದ್ಯಕ್ಕೆ ಇರುತ್ತದಂತೆ. ಊರಮ್ಮನಿಗೆ ಕಾಯಿ ಒಡೆದರು. ನನಗೆ ಆ ‘ಸದ್ಯಕ್ಕೆ’ ಎಂಬುದು ಇವತ್ತಿಗೂ ಬಾಯಾರಿಸುತ್ತದೆ. ಸುಗ್ಗಿ ಮುಗಿದು ಬಸ್ಸು ತಾನಾಗಿಯೇ ತುಂಬುತ್ತಿದ್ದರೂ ಡಬ್ಬಿಯ ನಾಲ್ಕು ತುಂಡುಗಳು ಓಣಿಗಳಲ್ಲಿ ತಿರುಗುತ್ತಲೇ ಇವೆ. ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಿಲ್ಲ.

ಹಳೆಯ ಕಂಡಕ್ಟರನನ್ನು ಮತ್ತೆ ನೋಡಿದ್ದು ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ. ಆಸ್ಪತ್ರೆಯಿಂದ ಬಂದು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಕೂಡ್ಲಿಗಿಯ ಬಸ್ಸು ಬಂದು ನಿಂತಿತು, ಅವನು ಇಳಿದ. ಸದ್ಯ, ಮೈಮೇಲೆ ಖಾಕಿ ಇತ್ತು. ಕೆಲಸ ಹೋಗಿಲ್ಲ. ಆದರೂ ಸೆರಗು ಮುಖಕ್ಕೆ ಎಳೆದುಕೊಂಡು ಕಂಬದ ಮರೆಗೆ ಸರಿದೆ. ಅವನು ನನ್ನನ್ನು ನೋಡಬಾರದು ಎಂದು ಮಷೀನು ತಪ್ಪುವ ಭಯಕ್ಕಿಂತ ಹೆಚ್ಚು ಭಯಪಟ್ಟೆ. ನೋಡಿದ್ದ. ನೆಟ್ಟಗೆ ಬಂದು ಎದುರಿಗೆ ನಿಂತ.

“ಆರಾಮದೀರೇನ್ರಿ ಯಕ್ಕಾ?”

“ಅದೀನಪ್ಪಾ” ಎಂದೆ. ಇಷ್ಟು ತಿಂಗಳು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

ಅವನೇ ಕೇಳಿದ: “ಕಾರ್ಡು ತಂದೀರೇನು?”

ನಾನು ಅವನ ಬಸ್ಸು ಹತ್ತುವವಳಲ್ಲ, ಅದು ಅವನಿಗೂ ಗೊತ್ತು. ಆದರೂ ಕೊರಳ ಚೀಲದಿಂದ ಕಾರ್ಡು ತೆಗೆದು ಕೊಟ್ಟೆ. ಮೂರು ವರ್ಷ ನನ್ನನ್ನು ಕರೆದುಕೊಂಡು ಹೋಗಿ ಬಂದವನು, ನಮ್ಮೂರ ಹೆಂಗಸರನ್ನು ಒಂದು ದಿನವೂ ಒತ್ತಿ ಕೇಳದವನು, ಕಾರ್ಡಿನ ಮೇಲಿದ್ದ ಫೋಟೋ ನೋಡಿದ. ನನ್ನ ಮುಖ ನೋಡಿದ. ಹಿಂದುಮುಂದು ತಿರುಗಿಸಿ ಮತ್ತೊಮ್ಮೆ ನೋಡಿ ವಾಪಸು ಕೊಟ್ಟ.

“ಜ್ವಾಪಾನ್ರಿ” ಎಂದು ತನ್ನ ಬಸ್ಸಿಗೆ ಹೋದ.